ಎಂಟು ಎಳೆ, ನಾಲ್ಕರ ಸಂಸಾರ

— ಮೊದಲು ಕೈಕಾಲು ತೊಳೆದು ಆಸರಿಗೆ ಕುಡಿ. ಕಂಪ್ಯೂಟರ್ ಎಲ್ಲಿಗೂ ಓಡಿಹೋಗಲ್ಲ.

— ಕುಡಿದಾಯ್ತು ದೊಡ್ಡಪ್ಪ. ದೊಡ್ಡಮ್ಮ ಮೆಟ್ಟಿಲ ಹತ್ರನೇ ಲೋಟ ಹಿಡ್ಕೊಂಡು ನಿಂತಿದ್ರು. ಅದೆಂತದು, ಫೋನಲ್ಲಿ ಹೇಳಿದ್ರಲ್ಲ, ಉಪ್ಪರಿಗೆಗೆ ತಾಳಮದ್ದಲೆ ಕಳಿಸೋಕೆ ಒಂದು ರಾತ್ರಿ ಬೇಕು ಅಂತ?

— ತಮಾಷೆ ಅಲ್ಲ ಪುಟ್ಟಿ. ನನ್ನ ಕ್ಯಾಸೆಟ್ ಪೆಟ್ಟಿಗೆ ನಿನಗೆ ಗೊತ್ತಲ್ಲ. ಮಳೆಗಾಲದ ತಂಡಿಗೆ ಬೂಷ್ಟು ಹಿಡಿಯೋದಕ್ಕೆ ಮುಂಚೆ ಒಂದೊಂದೇ ಹಾಕಿ, ಕೂತು ಕೇಳಿ, ಎಲ್ಲಾ ಕಂಪ್ಯೂಟರಿಗೆ ಇಳಿಸಿದೆ. ಐನೂರು ಗಂಟೆ ಆಗಿದೆ. ಅದರಲ್ಲಿ ಅರ್ಥಧಾರಿ ಶೇಣಿಯವರ ವಾಲಿ ಒಂದು ರಾತ್ರಿಯದ್ದು ಪೂರ್ತಿ ಇದೆ, ನಾನೇ ಟೇಪ್‌ರೆಕಾರ್ಡರ್ ಹೊತ್ಕೊಂಡು ಹೋಗಿ ಮುಂದೆ ಕೂತು ತುಂಬಿಸಿಕೊಂಡು ಬಂದದ್ದು. ಎಲ್ಲಾ ಒಂದೇ ಹಾರ್ಡ್ ಡಿಸ್ಕಲ್ಲಿದ್ದರೆ ನಿದ್ದೆ ಬರಲ್ಲ. ನಿನ್ನಣ್ಣ ಬಿಟ್ಟುಹೋದ ಕಂಪ್ಯೂಟರ್ ಮೇಲೆ ಸುಮ್ನೆ ಕೂತಿದೆಯಲ್ಲ, ಅದರಲ್ಲೊಂದು ಪ್ರತಿ ಇಡೋಣ ಅಂತ ಎರಡು ವರ್ಷದ ಹಿಂದೆ ಕೇಬಲ್ ಎಳೆಸಿದೆ. ಹೋಗೋದು ಹೋಗುತ್ತೆ. ಆದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಶುರು ಮಾಡಿದ್ರೆ ಮಂಗಳಪದ್ಯಕ್ಕೇ ಮುಗಿಯೋದು.

— ಯಾವ ಥರದ ಫೈಲು? ಎಂಪಿ ತ್ರೀನಾ?

— ಎಂಪಿ ತ್ರೀ ಮಾಡಿದ್ರೆ ಚೆಂಡೆ ತಗಡು ಬಡಿದ ಹಾಗೆ ಕೇಳುತ್ತೆ ಮಾರಾಯ್ತಿ. ವೇವ್.

— ಹಾಗಾದ್ರೆ ಗಂಟೆಗೆ 635 ಎಂಬಿ. ಐನೂರು ಗಂಟೆಗೆ ಹತ್ತಿರ ಹತ್ತಿರ 317 ಜಿಬಿ. ಕಾಪಿ ಮಾಡುವಾಗ ಸೆಕೆಂಡಿಗೆ ಎಷ್ಟು ಎಂಬಿ ತೋರಿಸುತ್ತೆ, ನೋಡಿದ್ರಾ?

— ಹನ್ನೊಂದು ಚಿಲ್ಲರೆ. ಎಷ್ಟು ಸಲ ನೋಡಿದ್ರೂ ಹನ್ನೊಂದೇ. ಹನ್ನೆರಡಕ್ಕೆ ಏರಲ್ಲ, ಹತ್ತಕ್ಕೆ ಇಳಿಯಲ್ಲ.

— ಹಾಗೆ ಅಂಟಿಕೊಂಡು ಕೂತ್ರೆ ಅಲ್ಲೇ ರೋಗ ಇದೆ. ಎರಡು ಕಂಪ್ಯೂಟರಿಗೂ ಇರೋದು ಗಿಗಾಬಿಟ್ ಕಾರ್ಡು, ಸೆಕೆಂಡಿಗೆ ಸಾವಿರ ಮೆಗಾಬಿಟ್. ಎಂಟರಿಂದ ಭಾಗಿಸಿ, ದಾರಿಖರ್ಚು ಕಳೆದ್ರೆ 110 ಎಂಬಿಯಾದ್ರೂ ಬರಬೇಕು. ನಿಮಗೆ ಬರ್ತಿರೋದು ಅದರಲ್ಲಿ ಹತ್ತರಲ್ಲೊಂದು. ಯಾರೋ ಎಲ್ಲೋ ನೂರರ ಲೈನಿಗೆ ಇಳಿದಿದ್ದಾರೆ.

— ವೈಫೈ ಹಾಕಿಸಿಕೊಳ್ಳಿ, ಈ ಕಾಲದಲ್ಲಿ ವೈರು ಯಾರು ಎಳೀತಾರೆ ಅಂದ ಪೇಟೆ ಹುಡುಗ.

— ನಿಮ್ಮ ಮನೆ ಗೋಡೆ ಜಂಬಿಟ್ಟಿಗೆಯದ್ದು, ಮೊಳದಪ್ಪ. ಈ ಜಗಲಿಯಲ್ಲಿರೋ ವೈಫೈ ನಿಮ್ಮ ಅಡಿಗೆಮನೆಗೇ ತಲುಪಲ್ಲ. ಅದೂ ಅಲ್ದೆ ವೈಫೈ ಅಂದ್ರೆ ಒಂದೇ ಮೈಕಿಗೆ ಎಲ್ಲರೂ ಸರದಿ ನಿಲ್ಲೋದು. ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ಒಂದು ವಿಚಿತ್ರ ಗೊತ್ತಾ, ಈ ವೈರಿನ ಈಥರ್ನೆಟ್ಟಿಗೆ ಬೀಜ ಸಿಕ್ಕಿದ್ದು ರೇಡಿಯೋದಿಂದ. ಹವಾಯಿ ದ್ವೀಪಗಳ ಕಂಪ್ಯೂಟರುಗಳನ್ನ ರೇಡಿಯೋದಲ್ಲಿ ಜೋಡಿಸಿದ್ದ ಅಲೋಹಾನೆಟ್ ಅಂತ ಒಂದಿತ್ತು. ಅದನ್ನ ಓದಿದ ರಾಬರ್ಟ್ ಮೆಟ್‌ಕಾಫ್ 1973ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪ್ರಯೋಗಾಲಯದಲ್ಲಿ, ಗಾಳಿಯ ಬದಲು ಒಂದು ದಪ್ಪ ಕೇಬಲ್ ಹಾಕಿದ್ರೆ ಹೇಗೆ ಅಂತ ಒಂದು ಟಿಪ್ಪಣಿ ಬರೆದ. ಆ ಕೇಬಲ್ಲಿಗೆ ಈಥರ್ ಅಂತ ಹೆಸರಿಟ್ಟ.

— ಈಥರಾ! ಬೆಳಕು ಹರಿಯೋಕೆ ವಿಶ್ವದಲ್ಲೆಲ್ಲಾ ತುಂಬಿಕೊಂಡಿದೆ ಅಂತಿದ್ದರಲ್ಲ, ಆ ಈಥರಾ? ಅದು ಇಲ್ಲ ಅಂತ ಮೈಕೆಲ್ಸನ್ ಮತ್ತೆ ಮಾರ್ಲಿ 1887ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಹೇಳಿಕೊಟ್ಟಿದ್ದೀನಿ. ಇಲ್ಲದ ವಸ್ತುವಿನ ಹೆಸರನ್ನ ಕೈಗೆ ಸಿಗೋ ವೈರಿಗೆ ಇಟ್ಟಿದ್ದಾನೆ!

— ಗೊತ್ತಿದ್ದೇ ಇಟ್ಟಿದ್ದು. ಸರಿ, ಕುರ್ಚಿ ಸ್ವಲ್ಪ ಸರಿಸಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಎನ್-ಸಿ-ಪಿ-ಎ, ಚುಕ್ಕಿ, ಸಿ-ಪಿ-ಎಲ್ ಅಂತ ಹೊಡೆದು ಎಂಟರ್ ಕೊಡಿ. ಈಥರ್ನೆಟ್ ಅಂತ ಚಿತ್ರ ಬಂತಲ್ಲ, ಅದರ ಮೇಲೆ ಎರಡು ಸಲ ಒತ್ತಿ. ‘ಸ್ಪೀಡ್’ ಅಂತ ಇರೋ ಕಡೆ ಏನಿದೆ?

— 100.0 ಎಂಬಿಪಿಎಸ್. ಎರಡು ವರ್ಷದಿಂದ ಇದು ಇಲ್ಲೇ ಬರೆದುಕೊಂಡಿತ್ತಾ?

— ಇಲ್ಲೇ. ಯಾರೂ ನೋಡಲ್ಲ. ಇಂಟರ್ನೆಟ್ ಬರುತ್ತೆ, ಯೂಟ್ಯೂಬ್ ಓಡುತ್ತೆ, ದೊಡ್ಡಮ್ಮನ ವಿಡಿಯೋ ಕಾಲ್ ಆಗುತ್ತೆ. ಎಲ್ಲಾ ಸರಿ ಇದೆ ಅಂದ್ಕೊಂಡು ಬಿಡ್ತೀವಿ. ನಿಂತೇ ಹೋಗಿದ್ರೆ ಅವತ್ತೇ ಆ ಕೇಬಲ್ ಎಳೆದವನನ್ನ ಕರೆಸ್ತಿದ್ರಿ.

— ಮೂವತ್ತೈದಕ್ಕೆ ಪಾಸಾಗಿ ಹಿಂದಿನ ಬೆಂಚಲ್ಲಿ ಕೂತಿರೋ ಹುಡುಗರ ಥರ. ಫೇಲಾದವನನ್ನಾದ್ರೂ ಕರೆಸಿ ವಿಚಾರಿಸ್ತಿದ್ವಿ, ಇವರನ್ನ ಯಾರೂ ಕೇಳ್ತಿರಲಿಲ್ಲ. ಸರಿ, ಇಲ್ಲೇ ‘ಸ್ಪೀಡ್ ಆ್ಯಂಡ್ ಡ್ಯೂಪ್ಲೆಕ್ಸ್’ ಅಂತ ಒಂದಿದೆಯಲ್ಲ ಒಳಗೆ. ಅದರಲ್ಲಿ ಸಾವಿರ ಅಂತ ಹಾಕಿಬಿಟ್ರೆ?

— ಬೇಡ. ಅದು ‘ಆಟೋ’ದಲ್ಲಿದೆ, ಆಟೋದಲ್ಲೇ ಇರಲಿ. ಕೇಬಲ್ ಚುಚ್ಚಿದ ಕೂಡ್ಲೇ ಎರಡು ತುದಿಯ ಕಾರ್ಡುಗಳೂ ತಮ್ಮ ತಮ್ಮ ಶಕ್ತಿ ಹೇಳ್ಕೊಳ್ತವೆ: ನಾನು ಹತ್ತು, ನೂರು, ಸಾವಿರ ಮೂರೂ ಮಾಡ್ತೀನಿ ಅಂತ ಇದು, ನಾನೂ ಮಾಡ್ತೀನಿ ಅಂತ ಅದು. ಇಬ್ಬರಿಗೂ ಸಾಧ್ಯ ಇರೋ ದೊಡ್ಡದಕ್ಕೆ ಒಪ್ಪಂದ ಆಗುತ್ತೆ. ಈ ಮಾತುಕತೆ ನಡೆಯೋದು ಎಂಟು ಎಳೆಯಲ್ಲಿ ನಾಲ್ಕರ ಮೇಲೆ ಮಾತ್ರ: 1, 2, 3, 6. ಒಪ್ಪಂದ ಆಗಿ ಕೆಲಸ ಶುರು ಮಾಡೋಕೆ ಹೋದಾಗ ಸಾವಿರಕ್ಕೆ ಎಂಟೂ ಬೇಕು. ಒಂದು ಎಳೆ ಕಡಿದಿದ್ರೂ ಸಂಪರ್ಕ ಕೂರಲ್ಲ. ಎರಡು ಮೂರು ಸಲ ಒದ್ದಾಡಿ ನೋಡಿ, ಸದ್ದಿಲ್ಲದೆ ನೂರಕ್ಕೆ ಇಳಿದುಬಿಡ್ತವೆ. ನೂರಕ್ಕೆ ಆ ನಾಲ್ಕೇ ಸಾಕು. ನೀವು ಬಲವಂತ ಮಾಡಿದ್ರೆ ಇರೋ ನೂರೂ ಹೋಗುತ್ತೆ, ಅಷ್ಟೇ.

— ಅಂದ್ರೆ ಎಂಟು ಎಳೆ ಎಳೆಸಿ ನಾಲ್ಕರಲ್ಲಿ ಸಂಸಾರ ಮಾಡ್ತಿದ್ದೀನಿ.

— ಹಾಗೇ. ಅಥವಾ ನಡುವೆ ಇರೋ ಡಬ್ಬಿಯೂ ಕಾರಣ ಇರಬಹುದು. ಫೈಬರ್ ಬಂದು ಸೇರೋ ಈ ಮೋಡೆಮ್ಮಿಗೆ ಹಿಂದೆ ನಾಲ್ಕು ತೂತಿದೆ ನೋಡಿ. ಕೆಲವು ಮೋಡೆಮ್ಮಲ್ಲಿ ಒಂದೇ ತೂತು ಗಿಗಾಬಿಟ್, ಉಳಿದ ಮೂರು ನೂರರವು. ಹೊರಗಿನಿಂದ ನೋಡಿದ್ರೆ ನಾಲ್ಕೂ ಒಂದೇ ಥರ. ಅದಕ್ಕೇ ನಾನು ಚೀಲದಲ್ಲಿ ಐದು ತೂತಿನ ಒಂದು ಗಿಗಾಬಿಟ್ ಸ್ವಿಚ್ ತಂದಿದ್ದೀನಿ. ಮೋಡೆಮ್ಮಿಂದ ಒಂದು ಕೇಬಲ್ ಇದಕ್ಕೆ, ಇದರಿಂದ ನಿಮಗೊಂದು, ಮೇಲಕ್ಕೊಂದು. ಇನ್ನು ನಿಮ್ಮ ಎರಡು ಕಂಪ್ಯೂಟರ್ ಮಾತಾಡೋಕೆ ಮೋಡೆಮ್ಮನ್ನ ಹಾದು ಹೋಗಬೇಕಾಗಿಲ್ಲ. ನಿಮ್ಮ ತುದಿ ನೋಡಿ ಈಗ, ಏನು ಬಂತು?

— 1.0 ಜಿಬಿಪಿಎಸ್! ಸರಿಯಾಯ್ತಲ್ಲ!

— ಇದು ನಿಮ್ಮ ಮೇಜಿಂದ ಸ್ವಿಚ್ಚಿಗೆ, ಒಂದು ಮೀಟರು. ಮೇಲಕ್ಕೆ ಹೋಗೋ ಕೇಬಲ್ ಚುಚ್ಚಿದ ಕಡೆ ದೀಪದ ಬಣ್ಣ ನೋಡಿ, ಬೇರೆ ಇದೆ. ಯಾವ ಬಣ್ಣಕ್ಕೆ ಯಾವ ವೇಗ ಅನ್ನೋದು ಕಂಪನಿಗೊಂದು ಥರ, ಅದನ್ನ ಡಬ್ಬಿ ಮೇಲೇ ಬರೆದಿರ್ತಾರೆ. ಇದರಲ್ಲಿ ಕಿತ್ತಳೆ ಅಂದ್ರೆ ನೂರು. ಹಾಗಾದ್ರೆ ಎರಡು ರೋಗ ಇದ್ವು, ಒಂದು ಹೋಯ್ತು. ಟೆಸ್ಟರ್ ಹಾಕೋಣ. ಈ ಚಿಕ್ಕ ತುಂಡು ನೀವು ಹಿಡ್ಕೊಳ್ಳಿ, ಕೇಬಲ್ ಅದಕ್ಕೆ ಚುಚ್ಚಿ. ದೊಡ್ಡದನ್ನ ನಾನು ಮೇಲೆ ತಗೊಂಡು ಹೋಗ್ತೀನಿ. ಒಂದರಿಂದ ಎಂಟರವರೆಗೆ ದೀಪ ಒಂದೊಂದಾಗಿ ಹತ್ತುತ್ತೆ, ಜೋರಾಗಿ ಹೇಳಿ.

— ಹೂಂ, ಹತ್ತು. ಮೆಟ್ಟಿಲು ಜಾರುತ್ತೆ, ಹಗ್ಗ ಹಿಡ್ಕೋ. ... ಒಂದು! ಎರಡು! ಮೂರು! ನಾಕು! ಐದು! ಆರು! ಏಳು! ... ಒಂದು! ಎಂಟು ಹತ್ತಲೇ ಇಲ್ಲ ಪುಟ್ಟೀ, ಏಳಾದ್ಮೇಲೆ ಕತ್ತಲೆ, ಮತ್ತೆ ಒಂದಕ್ಕೇ ಬಂತು!

— ಎಂಟು ಅಂದ್ರೆ ಕಂದು. ಯಾವ ತುದಿಯಲ್ಲಿ ಕಡಿದಿದೆ ಅನ್ನೋದನ್ನ ಈ ಟೆಸ್ಟರ್ ಹೇಳಲ್ಲ. ಆದ್ರೆ ಮೇಲಿನ ತುದಿ ನೆಟ್ಟಗಿದೆ. ಕೆಳಗಿನದ್ದನ್ನ ನಿಮ್ಮ ಮೇಜಿನ ಕಾಲಿಗೆ ಸುತ್ತಿ ಬಗ್ಗಿಸಿದ್ದಾರೆ. ಬೆಳಕು ಹಿಡೀರಿ. ನೋಡಿ, ಹೊರಗಿನ ಬೂದು ಸಿಪ್ಪೆ ಕನೆಕ್ಟರ್ ಒಳಗೆ ಹೋಗಲೇ ಇಲ್ಲ, ಅರ್ಧ ಇಂಚು ಹೊರಗೇ ನಿಂತಿದೆ. ಕೇಬಲ್ ಎಳೆದಾಗೆಲ್ಲ ಭಾರ ಬಿದ್ದಿರೋದು ಈ ಕೂದಲೆಳೆ ತಂತಿಗಳ ಮೇಲೆ. ಕಸ ಗುಡಿಸುವಾಗ ಪೊರಕೆ ತಾಗಿದ್ರೂ ಸಾಕು.

— ಕತ್ತರಿಸಿಬಿಡ್ತೀಯಾ?

— ಮತ್ತೆ? ಈ ಕನೆಕ್ಟರನ್ನ ಬಿಚ್ಚಿ ಮತ್ತೆ ಕಟ್ಟೋಕೆ ಬರಲ್ಲ. ಬ್ಲೇಡ್ ಕೊಡಿ ಇಲ್ಲಿ. ಒಂದು ತಂತಿ ಹೆರೆದು ತೋರಿಸ್ತೀನಿ. ಹೊರಗೆ ತಾಮ್ರದ ಬಣ್ಣ. ಕೆರೆದ ಜಾಗ?

— ಬೆಳ್ಳಗಿದೆ. ಅಲ್ಯೂಮಿನಿಯಂ! ತಾಮ್ರದ ಲೇಪ ಹೊಡೆದಿದ್ದಾರೆ. ಅಲ್ಲ, ನನ್ನ ಹತ್ರ ತಾಮ್ರದ್ದು ಅಂತ ದುಡ್ಡು ಇಸ್ಕೊಂಡಿದ್ದಾನೆ!

— ಪೇಟೆಯಲ್ಲಿ ಇದಕ್ಕೆ ಸಿಸಿಎ ಅಂತಾರೆ. ಇದು ಈಥರ್ನೆಟ್ ಕೇಬಲ್ಲಿನ ಮಾನದಂಡಕ್ಕೆ ಒಳಪಟ್ಟದ್ದೇ ಅಲ್ಲ, ಆದ್ರೂ ಸುತ್ತಿನ ಮೇಲೆ ಕ್ಯಾಟ್ ಸಿಕ್ಸ್ ಅಂತ ಅಚ್ಚು ಹೊಡೆದು ಮಾರ್ತಾರೆ. ಅಂಗಡಿಯಲ್ಲಿ ಕೈಗೆತ್ತಿಕೊಂಡ್ರೇ ಗೊತ್ತಾಗುತ್ತೆ. ಅದೇ ಉದ್ದದ ತಾಮ್ರದ ಸುತ್ತು ಭಾರ ಇರುತ್ತೆ, ಇದು ಹಗುರ.

— ಗೊತ್ತಾಗದೆ ಏನು, ತಾಮ್ರದ ಸಾಂದ್ರತೆ ಸುಮಾರು ಒಂಬತ್ತು, ಅಲ್ಯೂಮಿನಿಯಂದು ಎರಡೂ ಮುಕ್ಕಾಲು. ರೋಧವೂ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾಕು ಸಲ ಬಗ್ಗಿಸಿದ್ರೆ ಕಟ್ ಅಂತ ಮುರಿಯೋದು. ಅಲ್ಯೂಮಿನಿಯಂ ವೈರಿಂಗ್ ಇದ್ದ ಹಳೇ ಮನೆಗಳಲ್ಲಿ ಸ್ವಿಚ್ ಬೋರ್ಡಿನ ಒಳಗೆ ಇದೇ ಆಗ್ತಿತ್ತು. ಈಗೇನು, ಪೂರ್ತಿ ಬದಲಾಯಿಸ್ಬೇಕಾ?

— ಬದಲಾಯಿಸೋದೇ ಸರಿ. ಆದ್ರೆ ಇವತ್ತು ಅಟ್ಟದ ಮೇಲೆಲ್ಲಾ ಅಡಿಕೆ ಮೂಟೆ. ತುದಿ ಹೊಸದಾಗಿ ಹಾಕ್ತೀನಿ, ಓಡಿದಷ್ಟು ದಿನ ಓಡಲಿ. ಮಳೆಗಾಲ ಮುಗಿದ ಮೇಲೆ ತಾಮ್ರದ್ದೇ ಎಳೆಯೋಣ, ನಾನೇ ತರ್ತೀನಿ. ಟಾರ್ಚ್ ಹತ್ತಿರ ಹಿಡೀರಿ. ಈ ಹಳದಿ ಬಲ್ಬಿನ ಬೆಳಕಲ್ಲಿ ಕಿತ್ತಳೆಗೂ ಕಂದಿಗೂ ವ್ಯತ್ಯಾಸ ಗೊತ್ತಾಗಲ್ಲ. ನಮ್ಮ ಡೇಟಾ ಸೆಂಟರಲ್ಲೂ ಹೊಸ ಹುಡುಗರು ಅಲ್ಲೇ ಎಡವೋದು.

— ನಾಕು ಜೋಡಿ. ಜೋಡಿ ಜೋಡಿಯಾಗಿ ಹುರಿ ಹೊಸೆದ ಹಾಗೆ ತಿರುಚಿದ್ದಾರೆ. ಇದು ನನಗೆ ಗೊತ್ತು, ನಾನು ಹೇಳ್ತೀನಿ. ಪಕ್ಕದಲ್ಲಿ ಕರೆಂಟು ವೈರು ಇದ್ರೆ ಅದರ ಗದ್ದಲ ಎರಡೂ ಎಳೆಯ ಮೇಲೆ ಬೀಳುತ್ತೆ. ತಿರುಚಿದ್ದರಿಂದ ಒಮ್ಮೆ ಇದು ಹತ್ತಿರ, ಒಮ್ಮೆ ಅದು ಹತ್ತಿರ, ಕೊನೆಗೆ ಎರಡರ ಮೇಲೂ ಸಮಸಮ. ಆ ಕಡೆ ಎರಡರ ವ್ಯತ್ಯಾಸ ಮಾತ್ರ ಅಳೆದ್ರೆ ಗದ್ದಲ ವಜಾ ಆಗಿ ಮಾತು ಉಳಿಯುತ್ತೆ. ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನಿಗೆ ಇದರ ಪೇಟೆಂಟ್ ಮಾಡಿಸಿದ್ದ.

— ಇನ್ನೊಂದು ನೋಡಿ, ನಾಲ್ಕು ಜೋಡಿಯ ತಿರುವೂ ಒಂದೇ ಅಲ್ಲ. ಇದು ಬಿಗಿ, ಇದು ಸಡಿಲ.

— ಹೌದಲ್ಲ! ... ಓಹೋ. ಎಲ್ಲಾ ಒಂದೇ ಲಯದಲ್ಲಿ ತಿರುಗಿದ್ರೆ ಒಂದು ಜೋಡಿಯ ಅದೇ ಎಳೆ ಪಕ್ಕದ ಜೋಡಿಯ ಅದೇ ಎಳೆಗೆ ಉದ್ದಕ್ಕೂ ತಾಗಿಕೊಂಡೇ ಹೋಗುತ್ತೆ. ಸಮ ಆಗಲ್ಲ. ಅದಕ್ಕೆ ಒಂದೊಂದಕ್ಕೆ ಒಂದೊಂದು ತಾಳ. ಇದನ್ನ ಯಾರೂ ಹೇಳಿರಲಿಲ್ಲ ನನಗೆ.

— ಅದಕ್ಕೇ ತುದಿಯಲ್ಲಿ ತಿರುವು ಬಿಚ್ಚೋದು ಅರ್ಧ ಇಂಚಿಗಿಂತ ಜಾಸ್ತಿ ಆಗಬಾರದು. ಈಗ ಸಾಲು ಹೇಳ್ತೀನಿ, ನೀವು ನೋಡ್ತಾ ಇರಿ. ಕಿತ್ತಳೆಬಿಳಿ, ಕಿತ್ತಳೆ. ಹಸಿರುಬಿಳಿ, ನೀಲಿ. ನೀಲಿಬಿಳಿ, ಹಸಿರು. ಕಂದುಬಿಳಿ, ಕಂದು.

— ತಡಿ. ಕಿತ್ತಳೆ ಜೋಡಿ ಒಟ್ಟಿಗಿದೆ, ಕಂದು ಒಟ್ಟಿಗಿದೆ, ನೀಲಿ ಒಟ್ಟಿಗಿದೆ. ಹಸಿರಿನ ಜೋಡಿಯನ್ನ ಎಂತಕ್ಕೆ ಅಗಲಿಸಿದ್ದು, ನೀಲಿಯ ಆ ಕಡೆ ಒಂದು ಈ ಕಡೆ ಒಂದು?

— ಟೆಲಿಫೋನಿಂದಾಗಿ. ಫೋನಿನ ಲೈನು ಯಾವತ್ತೂ ನಡುವಿನ ಎರಡು ಕಡ್ಡಿಯಲ್ಲಿ ಬರೋದು. ಫೋನಿನ ಚಿಕ್ಕ ಪ್ಲಗ್ಗನ್ನ ಈ ದೊಡ್ಡ ತೂತಿಗೆ ಚುಚ್ಚಿದ್ರೂ ನಡುವಿನ ಜೋಡಿ ಸಿಗಲಿ ಅಂತ 4, 5ನ್ನ ನೀಲಿಗೆ ಬಿಟ್ಟುಕೊಟ್ರು. ಅದರ ಎರಡು ಪಕ್ಕ ಉಳಿದ ಜಾಗಕ್ಕೆ ಹಸಿರು ಹೋಯ್ತು. ನಿಮ್ಮ ಲ್ಯಾಂಡ್‌ಲೈನ್ ಹೋಗಿ ಎಷ್ಟು ವರ್ಷ ಆಯ್ತು, ಆ ಜಾಗ ಮಾತ್ರ ಇನ್ನೂ ಅದರ ಹೆಸರಲ್ಲೇ ಇದೆ. ಈಗ ಎಂಟನ್ನೂ ಒತ್ತಿ ಹಿಡಿದು ತುದಿ ಸಮ ಕತ್ತರಿಸೋದು... ಒಳಗೆ ನೂಕೋದು... ಮುಂದಿನಿಂದ ನೋಡಿ, ಎಂಟು ಚುಕ್ಕಿ ಹೊಳೀತಿವೆಯಾ?

— ಹೊಳೀತಿವೆ. ಎಂಟೂ.

— ಸಿಪ್ಪೆಯೂ ಒಳಗೆ ಹೋಗಿದೆ. ಈಗ ಒತ್ತು. ಟಕ್! ಹಾಂ, ಈ ಶಬ್ದ ಕೇಳಬೇಕು ನನಗೆ. ಚುಚ್ಚಿ ಸ್ವಿಚ್ಚಿಗೆ.

— ದೀಪ ಹಸಿರಾಯ್ತು. ಮಾರಾಯ್ತಿ, ಒಂದು ಕಂದು ಎಳೆ! ಎರಡು ವರ್ಷ! ಅಲ್ಲ, ನೂರಕ್ಕೆ ನಾಕು ಎಳೆ, ಸಾವಿರಕ್ಕೆ ಎಂಟು. ಎಳೆ ಎರಡು ಪಟ್ಟಾದ್ರೆ ವೇಗ ಹತ್ತು ಪಟ್ಟು ಹೇಗೆ?

— ನೂರರಲ್ಲಿ ಹೋಗೋಕೊಂದು ಜೋಡಿ, ಬರೋಕೊಂದು ಜೋಡಿ. ಸಾವಿರದಲ್ಲಿ ನಾಲ್ಕು ಜೋಡಿಯಲ್ಲೂ ಹೋಗೋದೂ ಬರೋದೂ ಒಟ್ಟೊಟ್ಟಿಗೆ, ಒಂದೊಂದು ಜೋಡಿಗೆ 250. ಅದೂ ಬರೀ ಇದೆ-ಇಲ್ಲ ಅನ್ನೋ ಎರಡು ಮಟ್ಟ ಅಲ್ಲ, ಐದು ಮಟ್ಟದ ವೋಲ್ಟೇಜು. 1999ರಲ್ಲಿ ಇದರ ಮಾನದಂಡ ಬಂತು.

— ಒಂದೇ ತಂತಿಯಲ್ಲಿ ಇಬ್ಬರೂ ಒಟ್ಟಿಗೆ ಅರ್ಥ ಹೇಳಿದ್ರೆ ವಾಲಿ ಯಾರು, ರಾಮ ಯಾರು ಅಂತ ಗೊತ್ತಾಗೋದು ಹೇಗೆ?

— ತಾನು ಏನು ಹೇಳಿದೆ ಅಂತ ಕಾರ್ಡಿಗೆ ಗೊತ್ತಲ್ಲ. ಕಿವಿಗೆ ಬಿದ್ದದ್ದರಲ್ಲಿ ತನ್ನ ಮಾತು ಕಳೆದ್ರೆ ಉಳಿದದ್ದು ಎದುರಿನವಂದು.

— ನಮ್ಮ ಸಂಘದ ಒಬ್ಬಿಬ್ಬರು ಅರ್ಥಧಾರಿಗಳಿಗೆ ಈ ಕಾರ್ಡು ಹಾಕಿಸ್ಬೇಕು. ತಮ್ಮ ಮಾತು ಬಿಟ್ಟು ಬೇರೆ ಏನೂ ಕೇಳಿಸಲ್ಲ ಅವರಿಗೆ. ಸರಿ, ಕಾಪಿ ಹಾಕೋಣವಾ?

— ಹಾಕೋದಕ್ಕೆ ಮುಂಚೆ ಎರಡು ಸಣ್ಣ ಕೆಲಸ. ಮೇಲಿನ ಕಂಪ್ಯೂಟರ್ ಆಗಾಗ ಕಾಣಿಸಲ್ಲ ಅಂದಿದ್ರಲ್ಲ?

— ಹೌದು. ಒಂದು ದಿನ ಸಿಗುತ್ತೆ, ಇನ್ನೊಂದು ದಿನ ‘ಇಲ್ಲ’ ಅನ್ನುತ್ತೆ. ಆಗ ಮೇಲೆ ಹೋಗಿ ನಂಬರ್ ಬರ್ಕೊಂಡು ಬರಬೇಕು. 192.168.1 ಅಂತ ಶುರುವಾಗಿ ಕೊನೆದೊಂದು ಬದಲಾಗಿರುತ್ತೆ.

— ಮನೆಯಲ್ಲಿ ವಿಳಾಸ ಹಂಚೋದು ಮೋಡೆಮ್ಮು. ಯಾರು ಬಂದು ಕೇಳಿದ್ರೂ ಖಾಲಿ ಇರೋ ಒಂದು ನಂಬರ್ ಕೊಡುತ್ತೆ, ಇಷ್ಟು ಗಂಟೆ ಅಂತ. ಅವಧಿ ಮುಗಿದ್ರೆ ಇನ್ನೊಬ್ಬರಿಗೂ ಕೊಡಬಹುದು. ಲೀಸ್ ಅಂತಾನೇ ಅನ್ನೋದು ಅದಕ್ಕೆ.

— ಗೇಣಿ ಅನ್ನು. 1974ರಲ್ಲೇ ಗೇಣಿ ಪದ್ಧತಿ ರದ್ದಾಯ್ತಲ್ಲ, ಇದರೊಳಗೆ ಇನ್ನೂ ಇದೆಯಾ?

— ಇದೆ. ನಾವೀಗ ಮೇಲಿನ ಕಂಪ್ಯೂಟರಿಗೆ ಪಹಣಿ ಮಾಡಿಸೋಣ. ಎರಡು ದಾರಿ ಇದೆ. ಆ ಕಂಪ್ಯೂಟರಲ್ಲೇ ಕೂತು ನನ್ನ ವಿಳಾಸ ಇದೇ ಅಂತ ಬರೆದುಬಿಡೋದು ಒಂದು. ಎಲ್ಲರೂ ಮಾಡೋದು ಇದನ್ನೇ, ನನಗೆ ಇಷ್ಟ ಇಲ್ಲ. ನಾಳೆ ಮೋಡೆಮ್ ಸುಟ್ಟುಹೋಗಿ ಹೊಸತು ಬಂದು, ಅದು 192.168.29 ಅಂತ ಬೇರೆ ಬೀದಿಯ ನಂಬರ್ ಹಂಚೋಕೆ ಶುರು ಮಾಡಿದ್ರೆ, ಇದು ಹಳೇ ಬೀದಿಯಲ್ಲೇ ಒಂಟಿಯಾಗಿ ನಿಂತಿರುತ್ತೆ. ಅದಕ್ಕೆ ಮೋಡೆಮ್ಮಿನ ಲೆಕ್ಕದ ಪುಸ್ತಕದಲ್ಲೇ ಬರೆಸೋದು ಮೇಲು: ಈ ಕಾರ್ಡು ಬಂದು ಕೇಳಿದ್ರೆ 50 ಕೊಡು, ಬೇರೆಯವರಿಗೆ ಕೊಡಬೇಡ.

— ಈ ಕಾರ್ಡು ಅಂತ ಅದಕ್ಕೆ ಹೇಗೆ ಗೊತ್ತು?

— ಪ್ರತಿ ಕಾರ್ಡಿಗೂ ಹುಟ್ಟಿನಿಂದ ಒಂದು ಮ್ಯಾಕ್ ನಂಬರ್ ಇರುತ್ತೆ. ಹನ್ನೆರಡು ಅಕ್ಷರ, ಸೊನ್ನೆಯಿಂದ ಒಂಬತ್ತು, ಮತ್ತೆ ಎ ಇಂದ ಎಫ್. ಮೊದಲಾರು ತಯಾರಿಸಿದ ಕಂಪನಿಗೆ ಸೇರಿದ್ದು, ಮನೆಹೆಸರಿದ್ದ ಹಾಗೆ. ಕೊನೆಯಾರು ಅದರದ್ದೇ. ಬರ್ಕೊಂಡು ಬಂದಿದ್ದೀನಿ, ಇಗೊಳ್ಳಿ. ಇದನ್ನ ಜೋಪಾನ ಮಾಡಿ, ಮುಂದಿನ ಕೆಲಸಕ್ಕೂ ಇದೇ ಬೇಕು. ಮೇಲಿನದ್ದರಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಅಂತ ಇತ್ತು, ಅದನ್ನ ‘ಪ್ರೈವೇಟ್’ ಮಾಡಿ, ಫೋಲ್ಡರ್ ಹಂಚಿಕೆ ಆನ್ ಮಾಡಿ, ಪಾಸ್‌ವರ್ಡ್ ಇಟ್ಟಿದ್ದೀನಿ. ಅದು ದೊಡ್ಡ ವಿಷಯ ಅಲ್ಲ.

— ಮುಂದಿನ ಕೆಲಸ ಅಂದ್ರೆ?

— ನಿಮ್ಮ ಮಂಡಿ. ಅದನ್ನ ಆನ್ ಮಾಡೋಕೆ ದಿನಾ ಆ ಮೆಟ್ಟಿಲು ಹತ್ತೀರಂತೆ, ದೊಡ್ಡಮ್ಮ ದೂರು ಹೇಳಿದ್ರು.

— ಅವಳೊಬ್ಬಳು. ಹತ್ತದೆ ಮತ್ತೆ? ಆಫ್ ಆಗಿರೋದನ್ನ ಇಲ್ಲಿಂದ ಆನ್ ಮಾಡೋಕಾಗುತ್ತಾ?

— ಆಗುತ್ತೆ. ಕಂಪ್ಯೂಟರ್ ಆಫ್ ಆಗಿದ್ರೂ ಗೋಡೆಯ ಸ್ವಿಚ್ ಆನ್ ಇದ್ರೆ ಒಳಗೆ ಒಂದು ಸಣ್ಣ 5 ವೋಲ್ಟಿನ ಸಪ್ಲೈ ಜೀವಂತ ಇರುತ್ತೆ. ಅದರಲ್ಲಿ ನೆಟ್‌ವರ್ಕ್ ಕಾರ್ಡು ಒಂದು ಕಿವಿ ತೆರೆದುಕೊಂಡು ಮಲಗುತ್ತೆ. ಯಾರ ಮಾತಿಗೂ ಏಳಲ್ಲ. ಒಂದೇ ಒಂದು ಕರೆಗೆ ಏಳುತ್ತೆ: ಮೊದಲು ಎಫ್‌ಎಫ್ ಅಂತ ಆರು ಸಲ, ಆಮೇಲೆ ಅದರ ಮ್ಯಾಕ್ ನಂಬರ್ ಬಿಡದೆ ಹದಿನಾರು ಸಲ. ಒಟ್ಟು 102 ಬೈಟ್. ಮಲಗಿದವನಿಗೆ ಐಪಿ ವಿಳಾಸ ಇರಲ್ಲ, ಅದಕ್ಕೆ ಕರೆಯನ್ನ ಇಡೀ ಮನೆಗೇ ಕೂಗೋದು. ಎಲ್ಲಾ ಕಾರ್ಡಿಗೂ ಕೇಳುತ್ತೆ, ತನ್ನ ಹೆಸರು ಅಂತ ಗೊತ್ತಾದದ್ದು ಮಾತ್ರ ಪವರ್ ಬಟನ್ ಒತ್ತುತ್ತೆ.

— ಕುಂಭಕರ್ಣನ್ನ ಎಬ್ಬಿಸಿದ ಹಾಗೆ. ಹದಿನಾರು ಸಲ ಎಂತಕ್ಕೆ?

— ಬೇರೆ ಯಾವುದೋ ಫೈಲಿನ ಮಧ್ಯೆ ಅಕಸ್ಮಾತ್ತಾಗಿ ಆ ಹನ್ನೆರಡು ಅಕ್ಷರ ಬಂದುಬಿಡಬಹುದು. ಹದಿನಾರು ಸಲ ಒಂದರ ಹಿಂದೆ ಒಂದು ಅಕಸ್ಮಾತ್ತಾಗಿ ಬರಲ್ಲ. ಆದ್ರೆ ಇದಕ್ಕೆ ನಾಲ್ಕು ಕಡೆ ಬಾಗಿಲು ತೆಗೀಬೇಕು, ಒಂದು ಮುಚ್ಚಿದ್ರೂ ಏಳಲ್ಲ. ಬಯಾಸಲ್ಲಿ ‘ವೇಕ್ ಆನ್ ಲ್ಯಾನ್’ ಆನ್ ಇರಬೇಕು. ಕೆಲವರು ಅದನ್ನ ‘ಪವರ್ ಆನ್ ಬೈ ಪಿಸಿಐ’ ಅಂತ ಬೇರೆ ಹೆಸರಲ್ಲಿ ಬಚ್ಚಿಟ್ಟಿರ್ತಾರೆ. ಅಲ್ಲೇ ‘ಇಆರ್‌ಪಿ’ ಅಂತ ವಿದ್ಯುತ್ ಉಳಿಸೋ ಒಂದು ಆಯ್ಕೆ ಇರುತ್ತೆ, ಅದು ಆ 5 ವೋಲ್ಟನ್ನೇ ಕತ್ತರಿಸಿಬಿಡುತ್ತೆ. ಅದನ್ನ ಆಫ್ ಮಾಡಬೇಕು. ವಿಂಡೋಸಿನ ಡಿವೈಸ್ ಮ್ಯಾನೇಜರಲ್ಲಿ ಕಾರ್ಡಿಗೆ ಕಂಪ್ಯೂಟರ್ ಎಬ್ಬಿಸೋ ಅನುಮತಿ ಕೊಡಬೇಕು. ಕೊನೆಗೆ ‘ಫಾಸ್ಟ್ ಸ್ಟಾರ್ಟಪ್’ ತೆಗೀಬೇಕು. ಅದು ಇದ್ರೆ ಕಂಪ್ಯೂಟರ್ ಪೂರ್ತಿ ಆಫ್ ಆಗೋದೇ ಇಲ್ಲ, ಅರೆನಿದ್ದೆಯಲ್ಲಿ ಇರುತ್ತೆ, ಆ ಸ್ಥಿತಿಯಿಂದ ಬಹಳ ಕಾರ್ಡುಗಳು ಏಳಲ್ಲ. ನನ್ನ ಕೇಳಿದ್ರೆ ಜನ ಅತೀ ಹೆಚ್ಚು ತಲೆ ಕೆಡಿಸಿಕೊಳ್ಳೋದು ಈ ಕೊನೆಯದ್ದರಲ್ಲೇ, ಯಾಕಂದ್ರೆ ಅದಕ್ಕೂ ನೆಟ್‌ವರ್ಕಿಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲ್ಲ. ನಾಲ್ಕೂ ಮಾಡಿ ಬಂದೆ. ಈಗ ಅದು ಆಫ್ ಆಗಿದೆ. ಈ ಚಿಕ್ಕ ಪ್ರೋಗ್ರಾಮಲ್ಲಿ ಮ್ಯಾಕ್ ನಂಬರ್ ಹಾಕಿದ್ದೀನಿ. ಒತ್ತಿ.

— ಒತ್ತಿದೆ. ಏನೂ ಆಗಲಿಲ್ಲ.

— ಶ್... ಮಾತಾಡಬೇಡಿ. ಮೇಲೆ ಕೇಳಿ.

— ... ಫ್ಯಾನು! ಹಲಗೆಯ ಮೇಲೆ ಫ್ಯಾನು ತಿರುಗೋದು ಕೇಳ್ತಿದೆ! ಲೇ ಇವಳೇ, ಬಾ ಇಲ್ಲಿ, ಉಪ್ಪರಿಗೇಲಿ ಯಾರೂ ಇಲ್ಲ, ಕಂಪ್ಯೂಟರ್ ತಾನಾಗೇ ಎದ್ದಿದೆ!

— ದೊಡ್ಡಮ್ಮ ಹೆದರಿಕೊಳ್ತಾರೆ, ಸುಮ್ನಿರಿ. ಈಗ ಕಾಪಿ ಹಾಕಿ. ವೇಗ?

— 109... 112... 111. ಅಬ್ಬ! ಎಷ್ಟು ಹೊತ್ತು ಅನ್ನುತ್ತೆ ನೋಡು, 48 ನಿಮಿಷ. ಊಟ ಮಾಡಿ ಎಲೆ ಅಡಿಕೆ ಹಾಕೋವರೆಗೆ ಮುಗೀತು. ನಡಿ, ಹಲಸಿನಹಣ್ಣಿನ ಕಡುಬು ಮಾಡಿದ್ದಾಳೆ.

*

— ಒಂದು ಮಾತು ಕೇಳ್ಬೇಕು ಅಂದ್ಕೊಂಡೆ ಊಟ ಮಾಡುವಾಗ. ಗೋಡೆ ಸ್ವಿಚ್ ಆನ್ ಇರಬೇಕು, ಕೇಬಲ್ ಚುಚ್ಚಿರಬೇಕು ಅಂದ್ಯಲ್ಲ. ನಮ್ಮೂರಲ್ಲಿ ಏಪ್ರಿಲ್ ಮೇ ತಿಂಗಳ ಸಂಜೆ ಅದು ನಡೆಯೋ ಮಾತಾ? ಹಿಂದೆ ತಾಮ್ರದ ಫೋನ್ ಲೈನಲ್ಲಿ ಇಂಟರ್ನೆಟ್ ಬರೋವಾಗ ವರ್ಷಕ್ಕೊಂದು ಮೋಡೆಮ್ ಸಿಡಿಲಿಗೆ ನೈವೇದ್ಯ.

— ಈಗ ಫೈಬರ್ ಗಾಜು, ಅದರೊಳಗೆ ಸಿಡಿಲಿನ ಕರೆಂಟು ಬರಲ್ಲ. ಪ್ರತಿ ನೆಟ್‌ವರ್ಕ್ ತೂತಿನ ಹಿಂದೆಯೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ, 1500 ವೋಲ್ಟ್ ತಡೆಯೋದು.

— ಸಾವಿರದೈನೂರು ಯಾವ ಮೂಲೆಗೆ? ಈಗ ನೀನು ನನ್ನ ವಿದ್ಯಾರ್ಥಿ, ಕೇಳು. ಕೆಳಗಿನ ಕಂಪ್ಯೂಟರ್ ಈ ಸಾಕೆಟ್ಟಿಗೆ, ಮೇಲಿನದು ಆ ಸಾಕೆಟ್ಟಿಗೆ. ಎರಡೂ ಮೇನ್ ಬೋರ್ಡಲ್ಲಿ ಸೇರ್ತವೆ. ಈ ಕಡೆಯಿಂದ ನಿನ್ನ ಕೇಬಲ್ ಅವೆರಡನ್ನೂ ಜೋಡಿಸಿದೆ. ಏನಾಯ್ತು? ಇಡೀ ಮನೆಯಷ್ಟು ದೊಡ್ಡ ಬಳೆ. ತೋಟದಲ್ಲಿ ಸಿಡಿಲು ಬಿದ್ರೂ ಅದರ ಕಾಂತಕ್ಷೇತ್ರ ಈ ಬಳೆಯೊಳಗೆ ಹಾದುಹೋಗುತ್ತೆ. ಫ್ಯಾರಡೆ ಹೇಳಿದ್ದೇ ಅದು. ಬಳೆ ದೊಡ್ಡದಾದಷ್ಟೂ ವೋಲ್ಟೇಜ್ ದೊಡ್ಡದು. ತಂತಿ ಮನೆಗೆ ಹೊರಗಿಂದ ಬರಬೇಕಂತಿಲ್ಲ, ಒಳಗಿನ ತಂತಿಯೇ ಸಾಕು.

— ಅದಕ್ಕೇ ಆ ವರ್ಷ ಫೈಬರ್ ಬಂದ ಮೇಲೂ ಅಣ್ಣನ ಕಾರ್ಡು ಹೋಯ್ತಾ! ಮದರ್‌ಬೋರ್ಡಿಗೆ ಏನೂ ಆಗಿರಲಿಲ್ಲ, ತೂತು ಮಾತ್ರ ಸತ್ತಿತ್ತು.

— ಮತ್ತೆ? ಈಗ ಹೇಳು, ಮಂಡಿ ಉಳಿಸಲಾ, ಕಂಪ್ಯೂಟರ್ ಉಳಿಸಲಾ?

— ಎರಡು ಮಹಡಿ ನಡುವೆ ತಾಮ್ರದ ಬದಲು ಫೈಬರ್ ತುಂಡೊಂದನ್ನ ಹಾಕಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಕೂರಿಸಿದ್ರೆ ಬಳೆ ಕಡಿಯುತ್ತೆ. ಕೇಬಲ್ ಹೇಗೂ ಬದಲಾಯಿಸ್ಬೇಕು, ತಾಮ್ರ ಬಿಟ್ಟು ಇದನ್ನೇ ಎಳೆಯೋಣ.

— ಹೂಂ, ಅದು ಒಪ್ಪೋ ಮಾತು. ಅಲ್ಲಿವರೆಗೆ?

— ಅಲ್ಲಿವರೆಗೆ ಮೋಡ ಕಂಡ ಕೂಡ್ಲೇ ಎರಡು ಕಡೆಯೂ ಕೀಳೋದು. ಕೇಬಲ್ಲೂ, ಪ್ಲಗ್ಗೂ. ಬೇರೆ ದಾರಿ ಇಲ್ಲ.

— ಕೇಳಿಸ್ತಾ?

— ಏನು?

— ಆಗುಂಬೆ ಕಡೆ. ಗುಡುಗಿತು. ಎಷ್ಟು ಉಳಿದಿದೆ ಕಾಪಿ?

— ಹದಿಮೂರು ನಿಮಿಷ.

— ಮಿಂಚಿತು... ಒಂದು, ಎರಡು, ಮೂರು... ಹದಿನೆಂಟು. ಆರು ಕಿಲೋಮೀಟರ್. ಹದಿಮೂರು ನಿಮಿಷ ಕಾಯಲ್ಲ ಅದು. ಯಾವುದು ಹೋಗ್ತಿದೆ ಈಗ?

— ‘ಭೀಷ್ಮಾರ್ಜುನ’. ನೀವು ಪ್ರಸಂಗದ ಹೆಸರಿಟ್ಟಿದ್ದೀರಲ್ಲ, ಅಕಾರಾದಿಯಲ್ಲಿ ಹೋಗ್ತಿದೆ.

— ಭ, ಮ, ಯ, ರ... ‘ವಾಲಿವಧೆ’ ಇನ್ನೂ ಹೋಗಿಲ್ಲ!

— ಇಲ್ಲ. ತಡೀರಿ, ಇದನ್ನ ನಿಲ್ಲಿಸ್ತೀನಿ. ವಾಲಿ ಎಷ್ಟು ಹೊತ್ತಿಂದು?

— ಆರು ಗಂಟೆ ಚಿಲ್ಲರೆ.

— 3.8 ಜಿಬಿ. ಹಾಕಿದೆ. ಮೂವತ್ತೈದು ಸೆಕೆಂಡ್.

— ನಿನ್ನೆ ಆಗಿದ್ರೆ?

— ಐದೂವರೆ ನಿಮಿಷ. ... ಇಪ್ಪತ್ತು... ಹತ್ತು...

— ಮತ್ತೆ ಮಿಂಚಿತು ಪುಟ್ಟೀ.

— ಬಂತು. ವಾಲಿ ಮೇಲೆ ಹೋಗಿ ಕೂತ. ಈ ಕಡೆಯದ್ದು ನೀವು ಕೀಳಿ, ನಾನು ಮೇಲೆ ಓಡ್ತೀನಿ.

— ಹಗ್ಗ ಹಿಡ್ಕೋ!